ಹದಿನೈದು ಟಾರ್ಪಿಡೊ, ಮುಳುಗದ ಟ್ಯಾಂಕರ್: 1943ರ ಟಿನೋಸಾ ಪ್ರಕರಣ

1943ರ ಜುಲೈ 24ರಂದು ಪೆಸಿಫಿಕ್ ಸಾಗರದ ಟ್ರುಕ್ ದ್ವೀಪಗಳ ಪಶ್ಚಿಮದಲ್ಲಿ ಅಮೆರಿಕದ ಜಲಾಂತರ್ಗಾಮಿ ಟಿನೋಸಾ ಜಪಾನಿನ ಒಂದೇ ಒಂದು ಟ್ಯಾಂಕರ್ ಹಡಗಿನ ಮೇಲೆ ಹದಿನೈದು ಟಾರ್ಪಿಡೊಗಳನ್ನು ಬಿಟ್ಟಿತು. ಅವುಗಳಲ್ಲಿ ಹದಿಮೂರು ಹಡಗಿಗೆ ತಗುಲಿದವು, ಎರಡು ಮಾತ್ರ ಸಿಡಿದವು. ಟ್ಯಾಂಕರ್ ಮುಳುಗಲಿಲ್ಲ. ಯುದ್ಧದ ಲೆಕ್ಕದಲ್ಲಿ ಇದು ಕೈತಪ್ಪಿದ ಒಂದು ಬೇಟೆ ಮಾತ್ರ. ಅಂಥವು ಆ ಹೊತ್ತಿಗೆ ನೂರಾರು ಆಗಿಹೋಗಿದ್ದವು. ಆದರೂ ಇದನ್ನು ಪ್ರತ್ಯೇಕವಾಗಿ ಎತ್ತಿಕೊಂಡು ನೋಡಲು ಕಾರಣವಿದೆ. ಇಪ್ಪತ್ತು ತಿಂಗಳಿಂದ ನೌಕಾದಳದ ಒಳಗೆ ನಡೆಯುತ್ತಿದ್ದ ಒಂದು ಜಗಳವನ್ನು, ಅಂದರೆ ಗುರಿ ತಪ್ಪುತ್ತಿರುವುದು ಮನುಷ್ಯನದೋ ಆಯುಧದ್ದೋ ಎಂಬ ಜಗಳವನ್ನು, ಯಾರೂ ಮತ್ತೆ ಎತ್ತಲಾಗದಂತೆ ತೀರ್ಮಾನಿಸಿದ್ದು ಈ ಒಂದು ದಾಳಿ.

ಹಿನ್ನೆಲೆ

ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ಕೆಲವೇ ಗಂಟೆಗಳಲ್ಲಿ, 1941ರ ಡಿಸೆಂಬರ್ 7ರಂದೇ, ಜಪಾನಿನ ವಿರುದ್ಧ ಅನಿರ್ಬಂಧಿತ ವಾಯು ಮತ್ತು ಜಲಾಂತರ್ಗಾಮಿ ಸಮರ ನಡೆಸಬೇಕೆಂಬ ಆದೇಶ ವಾಷಿಂಗ್ಟನ್ನಿನಿಂದ ಹೊರಟಿತು. ಅನಿರ್ಬಂಧಿತ ಎಂದರೆ, ವಾಣಿಜ್ಯ ಹಡಗನ್ನು ಮುಳುಗಿಸುವ ಮೊದಲು ಅದರ ಸಿಬ್ಬಂದಿಯನ್ನು ಸುರಕ್ಷಿತ ಜಾಗಕ್ಕೆ ಕಳುಹಿಸಬೇಕೆಂಬ ನಿಯಮವನ್ನು ಬದಿಗಿಟ್ಟು, ಎಚ್ಚರಿಕೆ ಕೊಡದೆ ಹೊಡೆಯಬಹುದು ಎಂದರ್ಥ. ಆ ನಿಯಮ 1930ರ ಲಂಡನ್ ನೌಕಾ ಒಪ್ಪಂದದಲ್ಲಿತ್ತು, 1936ರಲ್ಲಿ ಅದನ್ನು ಮತ್ತೆ ದೃಢಪಡಿಸಲಾಗಿತ್ತು, ಅಮೆರಿಕವೂ ಅದಕ್ಕೆ ಬದ್ಧವಾಗಿತ್ತು. 1917ರಲ್ಲಿ ಅಮೆರಿಕವು ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದ ಮುಖ್ಯ ಕಾರಣಗಳಲ್ಲಿ ಒಂದು ಜರ್ಮನಿ ನಡೆಸುತ್ತಿದ್ದ ಇದೇ ಬಗೆಯ ಸಮರ ಎಂಬುದನ್ನು ನೆನೆದರೆ, ಈ ಆದೇಶದ ಭಾರ ತಿಳಿಯುತ್ತದೆ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಜರ್ಮನಿಯ ಜಲಾಂತರ್ಗಾಮಿ ಪಡೆಯನ್ನು ನಡೆಸಿದ್ದ ಅಡ್ಮಿರಲ್ ಡ್ಯೋನಿಟ್ಸ್ ಪರ ವಕೀಲರು, ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್ ಅವರಿಂದಲೇ ಲಿಖಿತ ಉತ್ತರ ಪಡೆದು, ಪೆಸಿಫಿಕ್‌ನಲ್ಲಿ ಅಮೆರಿಕ ನಡೆಸಿದ್ದೂ ಅದೇ ಎಂಬುದನ್ನು ನ್ಯಾಯಾಲಯದ ಮುಂದಿಟ್ಟರು. ಡ್ಯೋನಿಟ್ಸ್‌ಗೆ ಕೊಟ್ಟ ಶಿಕ್ಷೆಯನ್ನು ಜಲಾಂತರ್ಗಾಮಿ ಸಮರದ ನಿಯಮಭಂಗದ ಆಧಾರದ ಮೇಲೆ ನಿರ್ಧರಿಸಿಲ್ಲ ಎಂದು ನ್ಯಾಯಾಲಯ ತನ್ನ ತೀರ್ಪಿನಲ್ಲಿ ಹೇಳಬೇಕಾಯಿತು.

ಜಪಾನಿನ ಮಟ್ಟಿಗೆ ಸಮುದ್ರ ಸಾರಿಗೆ ಎಂದರೆ ಬದುಕು. ತೈಲ, ರಬ್ಬರ್, ಬಾಕ್ಸೈಟ್, ಕಬ್ಬಿಣದ ಅದಿರು, ಅಕ್ಕಿ ಎಲ್ಲವೂ ಹಡಗಿನಲ್ಲೇ ಬರಬೇಕಿತ್ತು. ಯುದ್ಧ ಶುರುವಾದಾಗ ಅದರ ಬಳಿ ಸುಮಾರು 60 ಲಕ್ಷ ಟನ್ ವಾಣಿಜ್ಯ ಹಡಗುಗಳಿದ್ದವು. ಹೊಸದಾಗಿ ಗೆದ್ದುಕೊಂಡ ಡಚ್ ಈಸ್ಟ್ ಇಂಡೀಸ್‌ನ ತೈಲವನ್ನು ಸಾವಿರಾರು ಮೈಲಿ ದೂರದ ತವರಿಗೂ, ಟ್ರುಕ್‌ನಂಥ ನೌಕಾನೆಲೆಗಳಿಗೂ ಸಾಗಿಸಲು ಅಷ್ಟು ಸಾಲುತ್ತಿರಲಿಲ್ಲ. ಇಷ್ಟಾದರೂ ಈ ಹಡಗುಗಳನ್ನು ಕಾಯುವ ಕೆಲಸವನ್ನು ಜಪಾನಿನ ನೌಕಾದಳ ಕೀಳಾಗಿ ಕಂಡಿತು. ಒಂಟಿಯಾಗಿ, ಬೆಂಗಾವಲಿಲ್ಲದೆ ಓಡಾಡುವ ದೊಡ್ಡ ಟ್ಯಾಂಕರ್‌ಗಳು 1943ರ ನಡುವಿನಲ್ಲೂ ಸಿಗುತ್ತಿದ್ದವು. ಇಂಥ ಎದುರಾಳಿಯ ವಿರುದ್ಧ, ದೂರದ ಪ್ರಯಾಣಕ್ಕೆಂದೇ ಕಟ್ಟಿದ ಒಳ್ಳೆಯ ಜಲಾಂತರ್ಗಾಮಿಗಳಿದ್ದರೂ, ಅಮೆರಿಕ 1942ರ ಇಡೀ ವರ್ಷದಲ್ಲಿ ಸುಮಾರು 350 ಗಸ್ತುಗಳಿಂದ ಮುಳುಗಿಸಿದ್ದು 180ರಷ್ಟು ಹಡಗುಗಳನ್ನು ಮಾತ್ರ. ಒಂದು ಗಸ್ತಿಗೆ ಒಂದು ಹಡಗೂ ಬರಲಿಲ್ಲ.

ಆಯುಧ

ಈ ಜಲಾಂತರ್ಗಾಮಿಗಳ ಕೈಯಲ್ಲಿದ್ದುದು ಮಾರ್ಕ್ 14 ಎಂಬ ಟಾರ್ಪಿಡೊ: 21 ಇಂಚು ವ್ಯಾಸ, ಇಪ್ಪತ್ತು ಅಡಿಗೂ ಮೀರಿದ ಉದ್ದ, ಒಂದೂವರೆ ಟನ್ನಿನ ಆಸುಪಾಸು ತೂಕ, 46 ನಾಟ್ ವೇಗ, ಅಂದರೆ ಗಂಟೆಗೆ 85 ಕಿಲೋಮೀಟರ್. ಒಂದರ ಬೆಲೆ ಆಗಿನ ಕಾಲಕ್ಕೆ ಸುಮಾರು ಹತ್ತು ಸಾವಿರ ಡಾಲರ್. ಅದನ್ನು ರೂಪಿಸಿ ತಯಾರಿಸುತ್ತಿದ್ದುದು ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಟಾರ್ಪಿಡೊ ಕೇಂದ್ರ, ಅದರ ಮೇಲಿದ್ದುದು ನೌಕಾದಳದ ಶಸ್ತ್ರಾಸ್ತ್ರ ವಿಭಾಗವಾದ ಬ್ಯೂರೋ ಆಫ್ ಆರ್ಡ್ನೆನ್ಸ್.

ಟಾರ್ಪಿಡೊದ ಮೂತಿಯಲ್ಲಿ ಕೂರಿಸಿದ ಮಾರ್ಕ್ 6 ಎಂಬ ಸಿಡಿಸುವ ಸಾಧನ ಎರಡು ಬಗೆಯಲ್ಲಿ ಕೆಲಸ ಮಾಡಬೇಕಿತ್ತು. ಮೊದಲನೆಯದು ಕಾಂತೀಯ. ಟಾರ್ಪಿಡೊ ಹಡಗಿನ ತಳದಡಿಯಲ್ಲಿ ಹಾದುಹೋಗುವಾಗ ಉಕ್ಕಿನ ರಾಶಿಯಿಂದ ಭೂಮಿಯ ಕಾಂತಕ್ಷೇತ್ರದಲ್ಲಾಗುವ ಏರುಪೇರನ್ನು ಗುರುತಿಸಿ ಅಲ್ಲೇ ಸಿಡಿಯಬೇಕು. ರಕ್ಷಾಕವಚವಿಲ್ಲದ ತಳದಲ್ಲಿ ಸಿಡಿದರೆ ಹಡಗಿನ ಬೆನ್ನೆಲುಬೇ ಮುರಿಯುತ್ತದೆ ಎಂಬ ಲೆಕ್ಕ. ಎರಡನೆಯದು ಹಳೆಯ ಕ್ರಮ: ಹಡಗಿನ ಬದಿಗೆ ಡಿಕ್ಕಿ ಹೊಡೆದಾಗ ಒಂದು ಪಿನ್ನು ಚಿಮ್ಮಿ ಕಿಡಿಮದ್ದಿನ ಕುಪ್ಪಿಗೆ ಬಡಿದು ಸಿಡಿತಲೆಯನ್ನು ಹೊತ್ತಿಸುವುದು.

ಈ ಸಾಧನದ ಗುಟ್ಟನ್ನು ಎಷ್ಟು ಬಿಗಿಯಾಗಿ ಕಾಯಲಾಗಿತ್ತೆಂದರೆ, ಅದನ್ನು ಬಳಸಬೇಕಾದ ಜಲಾಂತರ್ಗಾಮಿಗಳ ಸಿಬ್ಬಂದಿಗೇ ಯುದ್ಧಕ್ಕೆ ಮೊದಲು ಅದರ ಪರಿಚಯ ಇರಲಿಲ್ಲ. ನಿಜವಾದ ಸಿಡಿತಲೆ ಹಚ್ಚಿ ನಡೆಸಿದ ಪರೀಕ್ಷೆ 1926ರಲ್ಲಿ ಒಮ್ಮೆ ಆಗಿತ್ತು. ಎಲ್-8 ಎಂಬ ಹಳೆಯ ಜಲಾಂತರ್ಗಾಮಿಯ ಖಾಲಿ ಒಡಲಿನ ಮೇಲೆ ಎರಡು ಟಾರ್ಪಿಡೊ ಬಿಟ್ಟರು. ಒಂದು ಸಿಡಿಯದೆ ಅಡಿಯಲ್ಲಿ ಹಾದುಹೋಯಿತು, ಇನ್ನೊಂದು ಸಿಡಿದು ಅದನ್ನು ಮುಳುಗಿಸಿತು. ಎರಡಕ್ಕೆ ಒಂದು. ಆಮೇಲೆ ಯುದ್ಧ ಬರುವವರೆಗೆ ಹದಿನೈದು ವರ್ಷ ಅಂಥ ಇನ್ನೊಂದು ಪರೀಕ್ಷೆ ನಡೆಯಲಿಲ್ಲ. ಹತ್ತು ಸಾವಿರ ಡಾಲರಿನ ವಸ್ತುವನ್ನು ಸುಮ್ಮನೆ ಹಾಳುಮಾಡಲು ಬಜೆಟ್ ಇರಲಿಲ್ಲ ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. 1930ರ ದಶಕದ ಆರ್ಥಿಕ ಕುಸಿತವನ್ನು ನೆನೆದರೆ ಅದು ಪೂರ್ತಿ ನೆಪವಲ್ಲ; ಆದರೆ ಅರ್ಧದಷ್ಟು ಸೋತ ಪರೀಕ್ಷೆಯನ್ನು ಗೆಲುವೆಂದು ಬರೆದಿಟ್ಟುಕೊಂಡದ್ದಕ್ಕೆ ದುಡ್ಡಿನ ಕೊರತೆ ಕಾರಣವಾಗಲಾರದು.

ಮೊದಲ ದೂರುಗಳು

ಯುದ್ಧದ ಮೊದಲ ತಿಂಗಳಲ್ಲೇ ಸಾರ್ಗೊ ಎಂಬ ಜಲಾಂತರ್ಗಾಮಿಯ ನಾಯಕ ಟೈರೆಲ್ ಜೇಕಬ್ಸ್ ಹದಿಮೂರು ಟಾರ್ಪಿಡೊ ಬಿಟ್ಟು ಒಂದು ಹಡಗನ್ನೂ ಮುಳುಗಿಸಲಾಗದೆ, ರೇಡಿಯೊ ಮೌನವನ್ನು ಮುರಿದು, ಮಾರ್ಕ್ 14ರ ಮೇಲೆ ತನಗೆ ನಂಬಿಕೆಯಿಲ್ಲ ಎಂದು ಬಂದರಿಗೆ ಸಂದೇಶ ಕಳುಹಿಸಿದರು. ಬ್ಯೂರೋ ಕಡೆಯಿಂದ ಪರಿಶೀಲನೆಗೆ ಬಂದ ತಜ್ಞರು ಟಾರ್ಪಿಡೊದಲ್ಲಿ ದೋಷ ಕಾಣಲಿಲ್ಲ, ಸಾರ್ಗೊ ಸಿಬ್ಬಂದಿಯ ನಿರ್ವಹಣೆಯಲ್ಲಿ ಕಂಡರು. ಮುಂದಿನ ಒಂದೂವರೆ ವರ್ಷ ಬಹುತೇಕ ದೂರುಗಳಿಗೆ ಸಿಕ್ಕ ಉತ್ತರದ ಮಾದರಿ ಇದೇ. ಪೆರಿಸ್ಕೋಪಿನಲ್ಲಿ ದೂರವನ್ನು ತಪ್ಪಾಗಿ ಅಳೆದಿರಬಹುದು, ಎದುರಾಳಿ ಹಡಗಿನ ವೇಗವನ್ನು ತಪ್ಪಾಗಿ ಅಂದಾಜಿಸಿರಬಹುದು, ಅದು ಕೊನೆ ಗಳಿಗೆಯಲ್ಲಿ ದಿಕ್ಕು ಬದಲಿಸಿರಬಹುದು, ನಾಯಕನ ಧೈರ್ಯವೇ ಸಾಲದಿರಬಹುದು. ಚಲಿಸುವ ಗುರಿಗೆ ಚಲಿಸುವ ವೇದಿಕೆಯಿಂದ ಹೊಡೆಯುವಲ್ಲಿ ಮನುಷ್ಯನ ತಪ್ಪಿಗೆ ಎಷ್ಟೊಂದು ಎಡೆಯಿದೆಯೆಂದರೆ, ಯಾವ ವೈಫಲ್ಯವನ್ನು ಬೇಕಾದರೂ ಅದರ ಲೆಕ್ಕಕ್ಕೆ ಬರೆಯಬಹುದಿತ್ತು. ಬರಿಗೈಯಲ್ಲಿ ಮರಳಿದ ಹಲವು ನಾಯಕರು ಹುದ್ದೆ ಕಳೆದುಕೊಂಡರು. ಅವರಲ್ಲಿ ನಿಜಕ್ಕೂ ಅಳುಕಿದವರು ಇದ್ದರು. ಟಾರ್ಪಿಡೊ ಕೈಕೊಟ್ಟಿದ್ದರಿಂದ ಅಳುಕಿದವರೆನಿಸಿಕೊಂಡವರೂ ಇದ್ದರು. ಇವರನ್ನು ಅವರಿಂದ ಬೇರ್ಪಡಿಸುವ ದಾರಿ ಆಗ ಯಾರ ಬಳಿಯೂ ಇರಲಿಲ್ಲ.

ದೋಷ ಒಂದೇ ಆಗಿದ್ದರೆ ಬೇಗ ಬಯಲಾಗುತ್ತಿತ್ತೇನೋ. ಇದ್ದುದು ಮೂರು, ಒಂದರ ಮರೆಯಲ್ಲಿ ಇನ್ನೊಂದು.

ಮೊದಲನೆಯದು ಆಳದ ದೋಷ. 1942ರ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಲಾಕ್‌ವುಡ್ ಮೀನುಗಾರರಿಂದ ಒಂದು ದೊಡ್ಡ ಬಲೆ ಕೊಂಡುತಂದು, ಆಲ್ಬನಿ ಬಳಿಯ ಫ್ರೆಂಚ್‌ಮನ್ ಕೊಲ್ಲಿಯಲ್ಲಿ ನೀರಿಗಿಳಿಸಿ, ಸ್ಕಿಪ್‌ಜ್ಯಾಕ್ ಜಲಾಂತರ್ಗಾಮಿಯಿಂದ ಅದರ ಮೂಲಕ ಟಾರ್ಪಿಡೊಗಳನ್ನು ಓಡಿಸಿದರು. ಹತ್ತು ಅಡಿ ಆಳಕ್ಕೆ ಹೊಂದಿಸಿದ್ದ ಟಾರ್ಪಿಡೊ ಬಲೆಯನ್ನು ಹರಿದದ್ದು ಇಪ್ಪತ್ತೈದು ಅಡಿ ಆಳದಲ್ಲಿ. ಬಲೆಯ ತೂತು ಯಾರ ಪರವೂ ವಾದಿಸುವುದಿಲ್ಲವಾದರೂ ಬ್ಯೂರೋ ಮೊದಲಿಗೆ ಪರೀಕ್ಷೆಯ ಕ್ರಮವೇ ಸರಿಯಿಲ್ಲ ಎಂದಿತು. ಲಾಕ್‌ವುಡ್ ಮತ್ತೆ ಪರೀಕ್ಷಿಸಿದರು, ಮೇಲಿನಿಂದ ಒತ್ತಡ ಬಂತು, ಆಗಸ್ಟ್ ಹೊತ್ತಿಗೆ ಟಾರ್ಪಿಡೊಗಳು ಸುಮಾರು ಹತ್ತು ಅಡಿ ಹೆಚ್ಚು ಆಳದಲ್ಲಿ ಓಡುತ್ತವೆಂದು ಬ್ಯೂರೋ ಒಪ್ಪಿಕೊಂಡಿತು. ಆಳವನ್ನು ಅಳೆಯುವ ಕವಾಟವನ್ನು ಕೂರಿಸಿದ್ದ ಹಿಂಭಾಗದಲ್ಲಿ, ವೇಗದಿಂದ ಹರಿಯುವ ನೀರು ಇದ್ದುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತಿತ್ತು, ಅದನ್ನು ನಂಬಿ ಟಾರ್ಪಿಡೊ ಇನ್ನಷ್ಟು ಕೆಳಗಿಳಿಯುತ್ತಿತ್ತು. ಸಾಲದ್ದಕ್ಕೆ ಅಭ್ಯಾಸಕ್ಕೆ ಬಳಸುತ್ತಿದ್ದ ತಲೆ ನಿಜವಾದ ಸಿಡಿತಲೆಗಿಂತ ಹಗುರವಾಗಿತ್ತು, ಹಾಗಾಗಿ ಅಭ್ಯಾಸದಲ್ಲಿ ಕಂಡ ಆಳ ಯುದ್ಧದ ಆಳವಾಗಿರಲಿಲ್ಲ.

ಎರಡನೆಯದು ಕಾಂತೀಯ ಭಾಗದ್ದು. ಟಾರ್ಪಿಡೊ ಸರಿಯಾದ ಆಳದಲ್ಲಿ ಓಡತೊಡಗಿದ ಮೇಲೆ ಅವು ಗುರಿ ಮುಟ್ಟುವ ಮೊದಲೇ ಸಿಡಿಯುವ ವರದಿಗಳು ಹೆಚ್ಚಿದವು. ಭೂಮಿಯ ಕಾಂತಕ್ಷೇತ್ರದ ವಾಲು ಎಲ್ಲೆಡೆ ಒಂದೇ ಅಲ್ಲ. ಉತ್ತರದ ನ್ಯೂಪೋರ್ಟ್ ಬಳಿ ಹೊಂದಿಸಿದ ಸಾಧನ ಸಮಭಾಜಕದ ಹತ್ತಿರದ ನೀರಿನಲ್ಲಿ ಹಾಗೆಯೇ ನಡೆದುಕೊಳ್ಳಬೇಕಿರಲಿಲ್ಲ. ಇಲ್ಲೊಂದು ಮಾತು ಹೇಳಬೇಕು. 1940ರ ಏಪ್ರಿಲ್‌ನಲ್ಲಿ ನಾರ್ವೆಯ ಕರಾವಳಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅನುಭವಿಸಿದ್ದು ಹೆಚ್ಚುಕಡಿಮೆ ಇದನ್ನೇ: ಆಳದ ದೋಷ, ಕಾಂತೀಯ ದೋಷ, ಡಿಕ್ಕಿಯಲ್ಲಿ ಸಿಡಿಯದ ದೋಷ. ಡ್ಯೋನಿಟ್ಸ್ ಅದೇ ವರ್ಷ ಕಾಂತೀಯ ಸಾಧನದ ಬಳಕೆ ನಿಲ್ಲಿಸಿದರು, ಟಾರ್ಪಿಡೊಗಳ ಹೊಣೆ ಹೊತ್ತಿದ್ದ ಅಧಿಕಾರಿಗಳು ಮಿಲಿಟರಿ ನ್ಯಾಯಾಲಯದ ಕಟಕಟೆ ಹತ್ತಿದರು.

ಅಮೆರಿಕದಲ್ಲಿ ಆ ತೀರ್ಮಾನಕ್ಕೆ 1943ರ ಜೂನ್ 24 ಬರಬೇಕಾಯಿತು. ಆ ಹೊತ್ತಿಗೆ ಪರ್ಲ್ ಹಾರ್ಬರ್‌ನ ಜಲಾಂತರ್ಗಾಮಿ ಪಡೆಗೆ ಮುಖ್ಯಸ್ಥರಾಗಿ ಬಂದಿದ್ದ ಲಾಕ್‌ವುಡ್ ಅವರ ಒತ್ತಾಯದ ಮೇಲೆ ನಿಮಿಟ್ಜ್ ತಮ್ಮ ಅಧೀನದ ಎಲ್ಲ ಜಲಾಂತರ್ಗಾಮಿಗಳಲ್ಲಿ ಕಾಂತೀಯ ಭಾಗವನ್ನು ಕಳಚಿಹಾಕಲು ಆದೇಶಿಸಿದರು. ಅದಕ್ಕೂ ಮೊದಲೇ ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ ಲಾಕ್‌ವುಡ್ ಸಿಡಿಮಿಡಿಗೊಂಡು, ತಗುಲಿ ಸಿಡಿಯುವ ಟಾರ್ಪಿಡೊ ಕೊಡಲು ಬ್ಯೂರೋಗೆ ಆಗದಿದ್ದರೆ, ಶತ್ರು ಹಡಗಿನ ಪಕ್ಕದ ತಗಡನ್ನು ಕಿತ್ತೆಳೆಯಲು ಒಂದು ಕೊಕ್ಕೆಗೋಲನ್ನಾದರೂ ಮಾಡಿಸಿಕೊಡಿ ಎಂಬರ್ಥದ ಮಾತಾಡಿದ್ದು ಪ್ರಸಿದ್ಧವಾಗಿದೆ.

ಕಾಂತೀಯ ಭಾಗ ಹೋಯಿತು. ಇನ್ನು ಉಳಿದದ್ದು ಬರೀ ಡಿಕ್ಕಿಯಿಂದ ಸಿಡಿಯುವ ವ್ಯವಸ್ಥೆ. ಅದು ಹಳೆಯದು, ಸರಳವಾದದ್ದು, ಅದನ್ನು ಯಾರೂ ಅನುಮಾನಿಸಿರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಟಿನೋಸಾ ಪ್ರಕರಣ ನಡೆಯಿತು.

ಜುಲೈ 24

ಟಿನೋಸಾ ಆ ವರ್ಷದ ಜನವರಿಯಲ್ಲಷ್ಟೇ ಸೇವೆಗೆ ಸೇರಿದ್ದ ಹೊಸ ಜಲಾಂತರ್ಗಾಮಿ. ನಾಯಕ ಲೆಫ್ಟಿನೆಂಟ್ ಕಮಾಂಡರ್ ಲಾರೆನ್ಸ್ ಡಾಸ್ಪಿಟ್, ಬಳಗದವರ ಬಾಯಲ್ಲಿ ಡ್ಯಾನ್. ಎದುರಿಗೆ ಸಿಕ್ಕ ಹಡಗು ತೊನಾನ್ ಮಾರು 3. ಮೂಲತಃ ಅಂಟಾರ್ಕ್ಟಿಕ್ ಸಮುದ್ರದಲ್ಲಿ ತಿಮಿಂಗಿಲಗಳನ್ನು ಹಡಗಿನಲ್ಲೇ ಕಡಿದು ಎಣ್ಣೆ ತೆಗೆಯಲು ಕಟ್ಟಿದ ತೇಲುವ ಕಾರ್ಖಾನೆ ಅದು. ಯುದ್ಧ ಬಂದ ಮೇಲೆ ತೈಲ ಸಾಗಿಸುತ್ತಿತ್ತು. 19,262 ಟನ್ನಿನ ಈ ಹಡಗು ಜಪಾನಿನ ವಾಣಿಜ್ಯ ಹಡಗುಗಳಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ಅಂದು ಜೊತೆಗೆ ಬೆಂಗಾವಲಿರಲಿಲ್ಲ.

ಡಾಸ್ಪಿಟ್‌ಗೆ ಮೊದಲು ಸಿಕ್ಕ ಸ್ಥಾನ ಅನುಕೂಲದ್ದಾಗಿರಲಿಲ್ಲ. ಗುರಿ ದೂರದಲ್ಲಿತ್ತು, ಕೋನ ಓರೆಯಾಗಿತ್ತು. ನಾಲ್ಕು ಬಿಟ್ಟರು, ಎರಡು ತಗುಲಿದ ಗುರುತು ಕಂಡಿತು, ಸ್ಫೋಟ ಕಾಣಲಿಲ್ಲ. ಟ್ಯಾಂಕರ್ ತಿರುಗಿ ಓಡತೊಡಗಿದಾಗ ಇನ್ನೆರಡನ್ನು ಅದರ ಹಿಂಭಾಗಕ್ಕೆ ಓರೆಯಾಗಿಯೇ ಬಿಟ್ಟರು. ಎರಡೂ ಸಿಡಿದವು. ಹಡಗು ನಿಂತುಹೋಯಿತು, ಹಿಂಭಾಗ ತುಸು ಕುಸಿಯಿತು, ಆದರೆ ಒಳಗೆ ಹಲವು ತೊಟ್ಟಿಗಳಾಗಿ ವಿಭಾಗವಾಗಿದ್ದ ಅಷ್ಟು ದೊಡ್ಡ ಒಡಲು ಮುಳುಗುವ ಸೂಚನೆ ಕೊಡಲಿಲ್ಲ.

ಮುಂದಿನದು ಯಾವ ನಾಯಕನಿಗೂ ಕನಸಿನಂಥ ಪರಿಸ್ಥಿತಿ. ಗುರಿ ನಿಂತಲ್ಲೇ ನಿಂತಿದೆ, ಆದ್ದರಿಂದ ವೇಗದ ಅಂದಾಜು ತಪ್ಪುವಂತಿಲ್ಲ. ಬೆಂಗಾವಲಿಲ್ಲ, ಆದ್ದರಿಂದ ಅವಸರವಿಲ್ಲ. ಡಾಸ್ಪಿಟ್ ಹಡಗಿನ ಪಕ್ಕಕ್ಕೆ ಸುಮಾರು 875 ಗಜ ದೂರದಲ್ಲಿ, ಟಾರ್ಪಿಡೊ ನೇರ ತೊಂಬತ್ತು ಡಿಗ್ರಿಯಲ್ಲಿ ಬಡಿಯುವಂತೆ, ತರಬೇತಿ ಶಾಲೆಯಲ್ಲಿ ಕಲಿಸುವ ಹಾಗೆ ಸ್ಥಾನ ಹಿಡಿದರು. ಒಂದು ಬಿಟ್ಟರು. ತಗುಲಿತು, ಸಿಡಿಯಲಿಲ್ಲ. ಇನ್ನೊಂದು, ಅದೂ ಹಾಗೆಯೇ. ಟ್ಯಾಂಕರಿನವರು ಪೆರಿಸ್ಕೋಪ್ ಕಂಡ ಕಡೆಗೆಲ್ಲ ಗುಂಡು ಹಾರಿಸುತ್ತಿದ್ದರು, ಅದರ ನಡುವೆಯೇ ಡಾಸ್ಪಿಟ್ ಒಂದೊಂದಾಗಿ ಬಿಡುತ್ತ, ಪ್ರತಿಯೊಂದರ ಸಮಯ, ತಗುಲಿದ ಜಾಗ, ಆದದ್ದೇನು ಎಂಬುದನ್ನು ಬರೆಸುತ್ತ ಹೋದರು. ಒಂದು ಟಾರ್ಪಿಡೊ ಹಡಗಿನ ಪಕ್ಕಕ್ಕೆ ಬಡಿದು, ನೀರು ಚಿಮ್ಮಿಸಿ, ಬಲಕ್ಕೆ ತಿರುಗಿ, ನೀರಿನಿಂದ ಮೇಲೆ ನೆಗೆಯಿತು; ಕಂಡದ್ದನ್ನು ನಂಬಲು ತನಗೇ ಕಷ್ಟವಾಗುತ್ತಿದೆ ಎಂದು ಅವರು ವರದಿಯಲ್ಲಿ ಸೇರಿಸಿದರು. ಕೊನೆಗೆ ಟ್ರುಕ್ ಕಡೆಯಿಂದ ಜಪಾನಿನ ಯುದ್ಧನೌಕೆಯೊಂದು ಬರುವುದು ಕಂಡಿತು. ಈ ಸ್ಥಾನದಿಂದ ಬಿಟ್ಟದ್ದು ಒಟ್ಟು ಒಂಬತ್ತು. ಒಂಬತ್ತೂ ತಗುಲಿದವು, ಒಂಬತ್ತೂ ಸಿಡಿಯಲಿಲ್ಲ.

ಟಿನೋಸಾ ಬಳಿ ಇನ್ನೊಂದು ಟಾರ್ಪಿಡೊ ಉಳಿದಿತ್ತು. ಅದನ್ನು ಬಿಡದಿರಲು ಡಾಸ್ಪಿಟ್ ನಿರ್ಧರಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ಮುಖ್ಯ ಗಳಿಗೆ ಇದೇ. ಸಿಟ್ಟಿನಲ್ಲಿ ಹದಿನಾರನೆಯದನ್ನೂ ಬಿಟ್ಟಿದ್ದರೆ ಅವರ ಕೈಯಲ್ಲಿ ಉಳಿಯುತ್ತಿದ್ದುದು ಇನ್ನೊಬ್ಬ ನಾಯಕನ ಇನ್ನೊಂದು ದೂರು. ಹೇಗೆ ನಿರ್ವಹಿಸಿದ್ದರೋ ಏನೋ ಎಂಬ ಹಳೆಯ ಉತ್ತರ ಅದಕ್ಕೂ ಕಾದಿರುತ್ತಿತ್ತು. ಅದೇ ಕೈಗಳು ನಿರ್ವಹಿಸಿದ, ಅದೇ ಗಸ್ತಿನಲ್ಲಿ ಸುತ್ತಿದ ಒಂದು ಟಾರ್ಪಿಡೊ ಬಿಚ್ಚಿ ನೋಡಲು ಸಿಕ್ಕಿದ್ದರಿಂದ ಆ ಬಾಗಿಲು ಮುಚ್ಚಿತು.

ಟ್ಯಾಂಕರನ್ನು ಜಪಾನೀಯರು ಟ್ರುಕ್‌ಗೆ ಎಳೆದೊಯ್ದು ತೈಲ ಸಂಗ್ರಹದ ತೊಟ್ಟಿಯಂತೆ ಬಳಸಿದರು. 1944ರ ಫೆಬ್ರವರಿ 17ರಂದು ಟ್ರುಕ್ ಮೇಲೆ ಅಮೆರಿಕದ ವಿಮಾನಗಳು ನಡೆಸಿದ ದಾಳಿಯಲ್ಲಿ ಅದು ಮುಳುಗಿತು. 1951ರಲ್ಲಿ ಮೇಲೆತ್ತಿ, ದುರಸ್ತಿ ಮಾಡಿ, ಮತ್ತೆ ತಿಮಿಂಗಿಲ ಬೇಟೆಗೆ ಕಳುಹಿಸಲಾಯಿತು.

ಬಂಡೆ ಮತ್ತು ಕ್ರೇನು

ಪರ್ಲ್ ಹಾರ್ಬರ್‌ಗೆ ಮರಳಿದ ಡಾಸ್ಪಿಟ್ ಸಿಟ್ಟಿನಿಂದ ಮಾತೇ ಹೊರಡದ ಸ್ಥಿತಿಯಲ್ಲಿದ್ದರೆಂದು ಲಾಕ್‌ವುಡ್ ನೆನೆಸಿಕೊಂಡಿದ್ದಾರೆ. ಉಳಿಸಿ ತಂದಿದ್ದ ಟಾರ್ಪಿಡೊವನ್ನು ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿತ್ತು. ಅಲ್ಲಿಗೆ ನಿರ್ವಹಣೆಯ ವಾದ ಬಿದ್ದುಹೋಯಿತು. ಆದರೆ ಎಲ್ಲವೂ ಸರಿಯಿದ್ದ ವಸ್ತು ಸಿಡಿಯದಿರುವುದೇಕೆ ಎಂಬುದು ತಿಳಿಯಲಿಲ್ಲ. ಅದೇ ಆಗಸ್ಟ್‌ನಲ್ಲಿ ಪಡೆಯ ಅತಿ ಹೆಸರಾಂತ ನಾಯಕ ಡಡ್ಲಿ ಮಾರ್ಟನ್ ಕೂಡ ವಾಹೂ ಜಲಾಂತರ್ಗಾಮಿಯೊಡನೆ ಜಪಾನ್ ಸಮುದ್ರದಿಂದ ಬರಿಗೈಯಲ್ಲಿ ಮರಳಿದರು. ಅವರನ್ನು ಅಳುಕಿನ ನಾಯಕ ಎಂದು ಯಾರೂ ಹೇಳುವಂತಿರಲಿಲ್ಲ. (ಮಾರ್ಟನ್ ಹೆಸರು ಬಂದಾಗ ಇನ್ನೊಂದನ್ನೂ ಹೇಳದೆ ಬಿಡುವುದು ಸರಿಯಲ್ಲ. ಆ ವರ್ಷದ ಜನವರಿಯಲ್ಲಿ ವಾಹೂ ಮುಳುಗಿಸಿದ ಬುಯೋ ಮಾರು ಹಡಗಿನಲ್ಲಿ ಜಪಾನೀ ಸೈನಿಕರ ಜೊತೆ ಪಂಜಾಬ್ ರೆಜಿಮೆಂಟಿನ ಭಾರತೀಯ ಯುದ್ಧಕೈದಿಗಳೂ ಇದ್ದರು. ಮುಳುಗಿದ ಮೇಲೆ ದೋಣಿಗಳತ್ತ ವಾಹೂ ಗುಂಡು ಹಾರಿಸಿತ್ತು. ಸತ್ತ ಭಾರತೀಯರ ಸಂಖ್ಯೆ ಇನ್ನೂರರ ಹತ್ತಿರ. ಹಡಗಿನಲ್ಲಿ ಯಾರಿದ್ದಾರೆಂದು ನೋಡದೆ ಹೊಡೆಯುವ ಸಮರದಲ್ಲಿ, ಆಯುಧ ಸರಿಯಾಗಿ ಕೆಲಸ ಮಾಡಿದ ದಿನಗಳ ಲೆಕ್ಕವೂ ಹೀಗಿತ್ತು.)

ಆಗ ಕ್ಯಾಪ್ಟನ್ ಚಾರ್ಲ್ಸ್ ಮಾಮ್ಸೆನ್ ಒಂದು ಸಲಹೆ ಕೊಟ್ಟರು. ಮುಳುಗಿದ ಜಲಾಂತರ್ಗಾಮಿಯಿಂದ ಪಾರಾಗಲು ಉಸಿರಾಟದ ಸಾಧನವೊಂದನ್ನು ರೂಪಿಸಿ, 1939ರಲ್ಲಿ ಸ್ಕ್ವಾಲಸ್ ಜಲಾಂತರ್ಗಾಮಿಯಲ್ಲಿ ಸಿಕ್ಕಿಬಿದ್ದವರ ರಕ್ಷಣೆಯಲ್ಲಿ ಮುಂದಾಳಾಗಿದ್ದವರು ಇವರೇ. ಹವಾಯಿಯ ಕಹೋಲಾವೆ ದ್ವೀಪದ ಅಂಚಿನಲ್ಲಿ ನೀರಿನೊಳಕ್ಕೆ ನೇರ ಇಳಿಯುವ ಕಡಿದಾದ ಬಂಡೆಗಳಿವೆ. ಅವುಗಳಿಗೆ ಟಾರ್ಪಿಡೊ ಬಿಡೋಣ, ಸಿಡಿಯದ್ದು ಸಿಕ್ಕಿದ ಕೂಡಲೇ ನಿಲ್ಲಿಸಿ ಅದನ್ನೇ ಮೇಲೆತ್ತಿ ನೋಡೋಣ ಎಂಬುದು ಸಲಹೆ. ಆಗಸ್ಟ್ 31ರಂದು ಮಸ್ಕಲಂಜ್ ಜಲಾಂತರ್ಗಾಮಿ ಬಿಟ್ಟ ಮೊದಲ ಎರಡು ಸಿಡಿದವು, ಮೂರನೆಯದು ಸಿಡಿಯಲಿಲ್ಲ. ಇನ್ನೂರೈವತ್ತು ಕಿಲೋಗೂ ಮೀರಿದ ಸ್ಫೋಟಕ ಹೊತ್ತು, ಯಾವ ಗಳಿಗೆಯಲ್ಲಿ ಏನಾಗುವುದೋ ಹೇಳಲಾಗದೆ ಬಿದ್ದಿದ್ದ ಅದಕ್ಕೆ ಮುಳುಗುಗಾರರು ಹಗ್ಗ ಕಟ್ಟಿ ಮೇಲೆತ್ತಿದರು. ಒಳಗೆ ನೋಡಿದಾಗ ಪಿನ್ನು ಬಿಡುಗಡೆಯಾಗಿತ್ತು, ಕುಪ್ಪಿಯವರೆಗೆ ಹೋಗಿಯೂ ಇತ್ತು. ಆದರೆ ಕಿಡಿ ಹೊತ್ತಿಸುವಷ್ಟು ಬಲವಾಗಿ ಬಡಿದಿರಲಿಲ್ಲ.

ಮುಂದೆ ಸ್ಫೋಟಕದ ಬದಲು ಅಷ್ಟೇ ತೂಕದ ಭರ್ತಿಯಿದ್ದ ತಲೆಗಳಿಗೆ ನಿಜವಾದ ಸಿಡಿಸುವ ಸಾಧನ ಕೂರಿಸಿ, ಸುಮಾರು ತೊಂಬತ್ತು ಅಡಿ ಎತ್ತರದಿಂದ ಕ್ರೇನಿನ ಮೂಲಕ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದರು. ಹಲಗೆಗೆ ನೇರ ತೊಂಬತ್ತು ಡಿಗ್ರಿಯಲ್ಲಿ ಬಿದ್ದವುಗಳಲ್ಲಿ ಹತ್ತಕ್ಕೆ ಏಳು ಕೆಲಸ ಮಾಡಲಿಲ್ಲ. ಹಲಗೆಯನ್ನು ನಲವತ್ತೈದು ಡಿಗ್ರಿ ವಾಲಿಸಿದಾಗ ವೈಫಲ್ಯ ಅರ್ಧಕ್ಕಿಳಿಯಿತು. ಇನ್ನೂ ಓರೆಯಾಗಿಸಿದರೆ ಎಲ್ಲವೂ ಸರಿಯಾಗಿ ಬಡಿದವು.

ಕಾರಣ ಸರಳವಾಗಿತ್ತು. ಮಾರ್ಕ್ 6ರಲ್ಲಿ ಪಿನ್ನು ಚಲಿಸುತ್ತಿದ್ದುದು ಟಾರ್ಪಿಡೊ ಓಡುವ ದಿಕ್ಕಿನಲ್ಲಲ್ಲ, ಅದಕ್ಕೆ ಅಡ್ಡಲಾಗಿ, ಎರಡು ಕಂಬಿಗಳ ಆಸರೆಯಲ್ಲಿ. 46 ನಾಟ್ ವೇಗದ ಟಾರ್ಪಿಡೊ ಉಕ್ಕಿನ ಗೋಡೆಗೆ ನೇರ ಬಡಿದು ತಟ್ಟನೆ ನಿಂತಾಗ, ಆ ಹೊಡೆತಕ್ಕೆ ಭಾರದ ಪಿನ್ನು ಮುಂದಕ್ಕೆ ಒತ್ತಿಕೊಂಡು ಕಂಬಿಗಳಿಗೆ ಬಿಗಿಯಾಗುತ್ತಿತ್ತು. ಬಾಗಿಲನ್ನು ಆ ಕಡೆಯಿಂದ ಒಬ್ಬರು ಬಲವಾಗಿ ದೂಡಿ ಹಿಡಿದಿರುವಾಗ ಈ ಕಡೆಯವರು ಅಗುಳಿ ಸರಿಸಲು ಹೆಣಗಿದ ಹಾಗೆ: ಅಗುಳಿ ಸರಿಯಾಗಿಯೇ ಇರುತ್ತದೆ, ಸರಿಯುವುದಿಲ್ಲ. ಓರೆಯಾಗಿ ಬಡಿದಾಗ ಆ ಒತ್ತು ಕಡಿಮೆ, ಪಿನ್ನು ಸಲೀಸಾಗಿ ಚಿಮ್ಮುತ್ತಿತ್ತು. ಹಿಂದಿನ ನಿಧಾನ ವೇಗದ ಟಾರ್ಪಿಡೊಗಳಿಗೆ ಸಾಕಾಗುತ್ತಿದ್ದ ಏರ್ಪಾಡನ್ನು ಹೊಸ ವೇಗಕ್ಕೆ ಹೊಂದಿಸಿ ಪರೀಕ್ಷಿಸದೆ ಮುಂದುವರಿಸಿದ್ದರ ಫಲ ಇದು.

ಟಿನೋಸಾದ ಆ ದಿನ ಈಗ ಅರ್ಥವಾಗುತ್ತದೆ. ಓರೆಯಾಗಿ ಹಿಂಭಾಗಕ್ಕೆ ಬಡಿದ ಎರಡು ಸಿಡಿದಿದ್ದವು. ಪಾಠದಂತೆ ನೇರವಾಗಿ ಬಡಿದ ಒಂಬತ್ತೂ ಸಿಡಿದಿರಲಿಲ್ಲ. ಅಂದರೆ ಇಷ್ಟು ದಿನವೂ ಅಚ್ಚುಕಟ್ಟಾಗಿ ಗುರಿಯಿಟ್ಟ ನಾಯಕನಿಗೇ ಈ ಮೂರನೆಯ ದೋಷ ಹೆಚ್ಚು ಕಾಡುತ್ತಿತ್ತು, ಕೆಟ್ಟ ಕೋನದಿಂದ ಅವಸರದಲ್ಲಿ ಹೊಡೆದವನಿಗೆ ಹಡಗು ಸಿಗುತ್ತಿತ್ತು. ನಾಯಕರ ಯೋಗ್ಯತೆಯನ್ನು ಮುಳುಗಿಸಿದ ಟನ್ನುಗಳಿಂದ ಅಳೆಯುತ್ತಿದ್ದ ಪಡೆಯಲ್ಲಿ ಇದರ ಪರಿಣಾಮ ಎಷ್ಟು ವಿಪರೀತವಾಗಿರಬೇಕೆಂದು ಯೋಚಿಸಬಹುದು.

ಪರಿಹಾರಕ್ಕೆ ಬಹಳ ದಿನ ಹಿಡಿಯಲಿಲ್ಲ. ಸಮುದ್ರದಲ್ಲಿದ್ದ ನಾಯಕರಿಗೆ ಓರೆ ಕೋನದಿಂದಲೇ ಹೊಡೆಯಿರಿ ಎಂಬ ಸೂಚನೆ ಕೂಡಲೇ ಹೋಯಿತು. ಪರ್ಲ್ ಹಾರ್ಬರ್‌ನ ಕಾರ್ಯಾಗಾರದಲ್ಲೇ ಹಗುರ ಮಿಶ್ರಲೋಹದ ಪಿನ್ನುಗಳನ್ನು ಕಡೆದರು. 1941ರ ದಾಳಿಯಲ್ಲಿ ಬಿದ್ದ ಜಪಾನೀ ವಿಮಾನಗಳ ಪ್ರೊಪೆಲ್ಲರ್ ಲೋಹವನ್ನು ಅದಕ್ಕೆ ಬಳಸಿದರೆಂಬ ಮಾತೂ ಇದೆ. ಸೆಪ್ಟೆಂಬರ್ ಮುಗಿಯುವಾಗ ಬಾರ್ಬ್ ಜಲಾಂತರ್ಗಾಮಿ ತಿದ್ದಿದ ಟಾರ್ಪಿಡೊಗಳನ್ನು ಹೊತ್ತು ಗಸ್ತಿಗೆ ಹೊರಟಿತು. ಯುದ್ಧ ಶುರುವಾಗಿ ಇಪ್ಪತ್ತೊಂದು ತಿಂಗಳ ಮೇಲೆ, ಒಂದು ಬಲೆ, ಒಂದು ಬಂಡೆ, ಒಂದು ಕ್ರೇನು ಇಷ್ಟರಿಂದ ಮೂರೂ ದೋಷಗಳು ತೀರಿದವು. ಇವುಗಳಲ್ಲಿ ಯಾವುದೂ ನ್ಯೂಪೋರ್ಟ್‌ಗೆ 1930ರಲ್ಲಿ ಎಟುಕದ್ದಲ್ಲ.

ಇಷ್ಟು ತಡವಾದದ್ದೇಕೆ

ದುರುದ್ದೇಶವನ್ನು ಇಲ್ಲಿ ಹುಡುಕುವುದು ವ್ಯರ್ಥ. ಟಾರ್ಪಿಡೊಗಳ ಕೊರತೆ ನಿಜವಾಗಿಯೂ ಇತ್ತು. 1941ರ ಡಿಸೆಂಬರ್ 10ರಂದು ಫಿಲಿಪ್ಪೀನ್ಸ್‌ನ ಕವೀಟೆ ನೆಲೆಯ ಮೇಲೆ ನಡೆದ ಬಾಂಬ್ ದಾಳಿಯೊಂದರಲ್ಲೇ 233 ಟಾರ್ಪಿಡೊಗಳು ನಾಶವಾಗಿದ್ದವು. ಇರುವುದೇ ಕಡಿಮೆ, ಅದರಲ್ಲಿ ಪರೀಕ್ಷೆಗೆಂದು ಕಳೆಯುವುದು ಹೇಗೆ ಎಂಬ ವಾದ ಬಾಯಿ ಕಟ್ಟಿಸುತ್ತಿತ್ತು. ಪರೀಕ್ಷೆಯಲ್ಲಿ ಹತ್ತು ಕಳೆಯಲು ಹಿಂಜರಿದವರು ಸಮುದ್ರದಲ್ಲಿ ನೂರಾರನ್ನು ಕಳೆದರು. ಆ ನಷ್ಟಕ್ಕೆ ಮಾತ್ರ ಯಾರೂ ರುಜು ಹಾಕಬೇಕಿರಲಿಲ್ಲ.

ಅದಕ್ಕಿಂತ ಆಳದ್ದು, ಮಾಡಿದವರೇ ಪರೀಕ್ಷಿಸುವ ಏರ್ಪಾಡು. ರೂಪಿಸುವುದು, ತಯಾರಿಸುವುದು, ಒಪ್ಪಿಗೆ ಕೊಡುವುದು, ದೂರು ಬಂದರೆ ವಿಚಾರಿಸುವುದು, ಎಲ್ಲವೂ ಒಂದೇ ಬ್ಯೂರೋ ಕೈಯಲ್ಲಿತ್ತು. ಲಾಕ್‌ವುಡ್ ನಂತರ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ನೆಲೆಯ ಜಲಾಂತರ್ಗಾಮಿ ಪಡೆಗೆ ಮುಖ್ಯಸ್ಥರಾದ ರಾಲ್ಫ್ ಕ್ರಿಸ್ಟಿ ಯುವಕರಾಗಿದ್ದಾಗ ನ್ಯೂಪೋರ್ಟ್‌ನಲ್ಲಿ ಇದೇ ಕಾಂತೀಯ ಸಾಧನದ ತಯಾರಿಯಲ್ಲಿ ತೊಡಗಿದ್ದವರು. ನಿಮಿಟ್ಜ್ ಆದೇಶ ಅವರ ಪಡೆಗೆ ಅನ್ವಯಿಸುತ್ತಿರಲಿಲ್ಲ. 1943 ಮುಗಿಯುವವರೆಗೂ ಅವರು ಅದನ್ನು ಬಿಟ್ಟುಕೊಡಲಿಲ್ಲ. ಪರ್ಲ್ ಹಾರ್ಬರ್‌ನಿಂದ ಕಾಂತೀಯ ಭಾಗ ಕಳಚಿ ಹೊರಟ ಜಲಾಂತರ್ಗಾಮಿ ಕ್ರಿಸ್ಟಿಯವರ ವ್ಯಾಪ್ತಿಗೆ ಬಂದಾಗ ಅದನ್ನು ಮತ್ತೆ ಜೋಡಿಸಬೇಕಿತ್ತು. ಕೊನೆಗೆ ಅವರ ಮೇಲಧಿಕಾರಿ ಅಡ್ಮಿರಲ್ ಥಾಮಸ್ ಕಿಂಕೈಡ್ ಅವರೇ ಆದೇಶಿಸಬೇಕಾಯಿತು. ಕ್ರಿಸ್ಟಿ ಅಸಮರ್ಥರೇನೂ ಅಲ್ಲ, ತಮ್ಮ ನಾಯಕರ ಬಗ್ಗೆ ಕಾಳಜಿಯಿದ್ದವರು. ತಾನು ಬೆಳೆಸಿದ್ದನ್ನು ತಾನೇ ಅನುಮಾನಿಸುವುದು ಅವರಿಂದಾಗಲಿಲ್ಲ, ಅಷ್ಟೆ. ಜರ್ಮನಿಯಲ್ಲಿ ನಡೆದಂತೆ ಅಮೆರಿಕದಲ್ಲಿ ಈ ವಿಷಯಕ್ಕೆ ಯಾರೂ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ.

ಪರಿಣಾಮದ ಲೆಕ್ಕ

1944ರಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ಸುಮಾರು 520 ಗಸ್ತುಗಳಿಂದ 600ರಷ್ಟು ಹಡಗುಗಳನ್ನು, 27 ಲಕ್ಷ ಟನ್‌ಗಳನ್ನು ಮುಳುಗಿಸಿದವು. 1942ರ ಮೊತ್ತ ಏಳೂಕಾಲು ಲಕ್ಷ ಟನ್ ಆಗಿತ್ತು. ಈ ಏರಿಕೆಯನ್ನೆಲ್ಲ ಒಂದು ಪಿನ್ನಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಆ ಹೊತ್ತಿಗೆ ಜಲಾಂತರ್ಗಾಮಿಗಳ ಸಂಖ್ಯೆ ಬೆಳೆದಿತ್ತು, ರಾತ್ರಿಯಲ್ಲಿ ನೀರಿನ ಮೇಲಿನಿಂದ ಹೊಡೆಯಲು ಒಳ್ಳೆಯ ರೇಡಾರ್ ಬಂದಿತ್ತು, ಕಿರಿಯ ನಾಯಕರು ಬಂದಿದ್ದರು, ಎರಡು ಮೂರು ಜಲಾಂತರ್ಗಾಮಿಗಳು ಗುಂಪಾಗಿ ಬೇಟೆಯಾಡುವ ಕ್ರಮ ರೂಢಿಯಾಗಿತ್ತು, ಗೂಢಲಿಪಿ ಭೇದಕರು ಜಪಾನೀ ಹಡಗುಗಳ ಮಾರ್ಗವನ್ನು ಮೊದಲೇ ತಿಳಿಸುತ್ತಿದ್ದರು. ಆದರೆ ಈ ಎಲ್ಲ ಸುಧಾರಣೆಗಳ ಫಲ ಕೊನೆಗೆ ಸಿಡಿತಲೆಯ ಆ ಪಿನ್ನಿನವರೆಗೆ ಬಂದು ನಿಲ್ಲುತ್ತಿತ್ತು ಎಂಬುದೂ ನಿಜ.

ಯುದ್ಧ ಮುಗಿದಾಗ ಈ ಜಲಾಂತರ್ಗಾಮಿಗಳು ಮುಳುಗಿಸಿದ ಜಪಾನೀ ವಾಣಿಜ್ಯ ಹಡಗುಗಳ ಮೊತ್ತ ಸುಮಾರು 48 ಲಕ್ಷ ಟನ್ ಎಂದು ಅಮೆರಿಕದ ಪರಿಶೀಲನಾ ಸಮಿತಿ ಲೆಕ್ಕ ಹಾಕಿತು. ಅದಕ್ಕೆ ತೆತ್ತದ್ದು 52 ಜಲಾಂತರ್ಗಾಮಿಗಳು, ಸುಮಾರು ಮೂರೂವರೆ ಸಾವಿರ ಜೀವ. ಮಾರ್ಟನ್ ಮತ್ತು ವಾಹೂ ಅವರಲ್ಲಿ ಸೇರಿದ್ದಾರೆ. ಆಗಸ್ಟ್‌ನ ಅವಮಾನವನ್ನು ಅಳಿಸಲೆಂದು, ಹೊಸ ವಿದ್ಯುತ್‌ಚಾಲಿತ ಟಾರ್ಪಿಡೊಗಳನ್ನು ಪಡೆದು ಅದೇ ಜಪಾನ್ ಸಮುದ್ರಕ್ಕೆ ಮತ್ತೆ ಹೋದ ವಾಹೂ 1943ರ ಅಕ್ಟೋಬರ್ 11ರಂದು ಲಾ ಪೆರೂಸ್ ಜಲಸಂಧಿಯಲ್ಲಿ ಎಲ್ಲ ಸಿಬ್ಬಂದಿಯೊಡನೆ ಮುಳುಗಿತು.

ಜಪಾನಿನ ಕಡೆಯ ಲೆಕ್ಕವನ್ನೂ ಸೇರಿಸಬೇಕು. ವಾಣಿಜ್ಯ ಹಡಗುಗಳ ರಕ್ಷಣೆಗೆಂದೇ ಒಂದು ಪ್ರತ್ಯೇಕ ಬೆಂಗಾವಲು ಕಮಾಂಡನ್ನು ಜಪಾನ್ ಸ್ಥಾಪಿಸಿದ್ದು 1943ರ ನವೆಂಬರ್‌ನಲ್ಲಿ, ಅಂದರೆ ಎದುರಾಳಿಯ ಟಾರ್ಪಿಡೊ ಸರಿಯಾದ ಎರಡು ತಿಂಗಳ ಮೇಲೆ. ಅದುವರೆಗಿನ ಇಪ್ಪತ್ತೆರಡು ತಿಂಗಳು, ಬೆಂಗಾವಲು ಕಟ್ಟಲು, ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಾಧನ ಬೆಳೆಸಲು, ಟ್ಯಾಂಕರ್‌ಗಳನ್ನು ಗುಂಪಾಗಿ ಸಾಗಿಸುವುದನ್ನು ಕಲಿಯಲು ನ್ಯೂಪೋರ್ಟ್‌ನ ತಪ್ಪುಗಳು ಜಪಾನಿಗೆ ಪುಕ್ಕಟೆಯಾಗಿ ಕೊಟ್ಟ ಬಿಡುವು. ನಷ್ಟ ಸಹಿಸುವಷ್ಟರಲ್ಲೇ ಇದ್ದುದರಿಂದ ಅದು ತನ್ನ ಹಡಗುಗಳ ಸುರಕ್ಷತೆಯಿಂದಾದದ್ದೆಂದು ಟೋಕಿಯೊ ನಂಬಿತು. ಆ ಬಿಡುವಿನ ಬಹುಪಾಲನ್ನು ಬಳಸದೆ ಕಳೆಯಿತು.